ಮಗುವಿನ ಕೈಗೆ ಮೊದಲ ದುರ್ಬೀನು

ಮಕ್ಕಳಿಗೆ ಆಕಾಶ ತೋರಿಸಬೇಕೆಂದುಕೊಂಡ ಅಪ್ಪ ಅಮ್ಮಂದಿರು ಮೊದಲು ಹುಡುಕುವುದು ಟೆಲಿಸ್ಕೋಪನ್ನು. ಪೆಟ್ಟಿಗೆಯ ಮೇಲೆ ಶನಿಯ ಬಳೆಗಳ ಬಣ್ಣದ ಚಿತ್ರ, ಪಕ್ಕದಲ್ಲಿ ‘525 ಪಟ್ಟು’ ಎಂಬ ದಪ್ಪಕ್ಷರ. ಮಗು ಇನ್ನೂ ಏಳೆಂಟು ವರ್ಷದ್ದಾದರೆ ಆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಮೇಲು. ಬದಲಿಗೆ ಒಂದು ಸಾಧಾರಣ ಬೈನಾಕ್ಯುಲರ್ ತರಬಹುದು. ಇದು ದುಡ್ಡು ಉಳಿಸುವ ಉಪಾಯವಲ್ಲ. ಮಗುವಿನ ಕಣ್ಣು, ಕೈ, ತಾಳ್ಮೆ ಮೂರಕ್ಕೂ ಒಗ್ಗುವುದು ಅದೇ.

ಲೆಕ್ಕ ಕಷ್ಟದ್ದೇನಲ್ಲ. ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ಹಿಗ್ಗಿಸುವವರೆಗೆ ಮಾತ್ರ ಚಿತ್ರ ಚಿತ್ರವಾಗಿ ಉಳಿಯುತ್ತದೆ. 60 ಮಿ.ಮೀ. ಟೆಲಿಸ್ಕೋಪಿಗೆ 120 ಪಟ್ಟೇ ಗಡಿ. ಅದರಾಚೆ ಸಿಗುವುದು ದೊಡ್ಡದಾದ ಮಸುಕು. ಜೊತೆಗೆ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 100 ಪಟ್ಟು ಹಿಗ್ಗಿಸಿದಾಗ ಕಣ್ಣಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ ಡಿಗ್ರಿಯ ತುಣುಕು, ಅಂದರೆ ಗ್ರಹವೊಂದು ಅದನ್ನು ದಾಟಲು ಎರಡೇ ನಿಮಿಷ ಸಾಕು. ಅಪ್ಪ ಗುರಿ ಹಿಡಿದು, ಮಗುವನ್ನು ಕರೆದು, ಅದು ಒಂದು ಕಣ್ಣು ಮುಚ್ಚಿ ಇಣುಕುವಷ್ಟರಲ್ಲಿ ಗುರು ಗ್ರಹ ಜಾಗ ಖಾಲಿ ಮಾಡಿರುತ್ತದೆ. ತೆಳು ಕಾಲಿನ ಸ್ಟ್ಯಾಂಡಿಗೆ ಕೈ ತಾಗಿದರಂತೂ ಮತ್ತೆ ಮೊದಲಿಂದ ಹುಡುಕಬೇಕು.

8x40 ಬೈನಾಕ್ಯುಲರ್ ಇದಕ್ಕೆ ತದ್ವಿರುದ್ಧ. ಎಂಟು ಪಟ್ಟು ಹಿಗ್ಗಿಸುತ್ತದೆ, ಆದರೆ ಏಳೆಂಟು ಡಿಗ್ರಿ ಅಗಲದ ಆಕಾಶವನ್ನು ಒಂದೇ ಸಲಕ್ಕೆ ತೋರಿಸುತ್ತದೆ. ಕೃತ್ತಿಕೆಯ ಗುಂಪು ಇಡಿಯಾಗಿ ಅದರೊಳಗೆ ಕೂರುತ್ತದೆ. ಅದರ 40 ಮಿ.ಮೀ. ಮಸೂರ ಬರಿಗಣ್ಣಿನ ಪಾಪೆಗಿಂತ ಸುಮಾರು ಮೂವತ್ತು ಪಟ್ಟು ಬೆಳಕು ಹಿಡಿಯುತ್ತದೆ. ಕೊಳ್ಳುವಾಗ ಒಂದು ಪರೀಕ್ಷೆ ಮಾತ್ರ ತಪ್ಪಿಸಬಾರದು. ಮಕ್ಕಳ ಕಣ್ಣುಗಳ ನಡುವಿನ ಅಂತರ ದೊಡ್ಡವರಿಗಿಂತ ಕಡಿಮೆ. ಎರಡು ಕೊಳವೆಗಳನ್ನು ಪೂರ್ತಿ ಹತ್ತಿರ ಮಡಚಿದಾಗ ಮಗುವಿಗೆ ಒಂದೇ ದುಂಡನೆಯ ಚಿತ್ರ ಕಾಣಬೇಕು; ಎರಡು ವೃತ್ತ ಕಂಡರೆ ಅದು ಆ ಮಗುವಿನದಲ್ಲ. ಕೈ ನಡುಗದಂತೆ ತಾರಸಿಯ ಗೋಡೆಯ ಮೇಲೆ ದಿಂಬಿಟ್ಟು ಮೊಣಕೈ ಊರಿಸಿದರೆ ಗುರುವಿನ ನಾಲ್ಕು ದೊಡ್ಡ ಚಂದ್ರಗಳೂ ಚುಕ್ಕಿಗಳಾಗಿ ಕಾಣಿಸಿಕೊಳ್ಳುತ್ತವೆ.

ಉಪಕರಣಕ್ಕಿಂತ ಜಾಗ ಮುಖ್ಯ ಎಂಬುದಕ್ಕೆ ಸಾಕ್ಷಿ ನಮ್ಮ ಕೋಲಾರ ಜಿಲ್ಲೆಯ ಗಡಿಯಾಚೆಯೇ ಇದೆ. ಖಗೋಳ ವಿಜ್ಞಾನಿ ವೇಣು ಬಾಪು ಕತ್ತಲೆಯನ್ನೂ ದಕ್ಷಿಣದ ಆಕಾಶವನ್ನೂ ಅರಸಿ ಆರಿಸಿದ್ದು ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರನ್ನು. ಅಲ್ಲಿ 1968ರಲ್ಲಿ ಕೆಲಸ ಶುರುವಾದದ್ದು 38 ಸೆಂ.ಮೀ. ದೂರದರ್ಶಕದಿಂದ, ಒಂದು ಮೀಟರಿನದು ಬಂದದ್ದು 1972ರಲ್ಲಿ, 2.34 ಮೀಟರಿನದು 1986ರಲ್ಲಿ. ಅದೇ ದಕ್ಷಿಣದ ಆಕಾಶ ಕೋಲಾರಕ್ಕೂ ದಕ್ಕಿದೆ. ಮುಳಬಾಗಿಲಿನಲ್ಲಿ ಅಗಸ್ತ್ಯ ನಕ್ಷತ್ರ ದಿಗಂತದಿಂದ 24 ಡಿಗ್ರಿ ಮೇಲೇರುತ್ತದೆ, ದೆಹಲಿಯಲ್ಲಿ ಒಂಬತ್ತೂ ಇಲ್ಲ. ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲದ ಓಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಬೇಸಿಗೆಯ ರಾತ್ರಿ ಇಲ್ಲಿ ಬೈನಾಕ್ಯುಲರಿಗೆ ಹತ್ತಿಯ ಉಂಡೆಯಂತೆ ಸಿಗುತ್ತದೆ. ಮಾಲೂರಿನವರಿಗೆ ಬೆಂಗಳೂರಿನ ಬೆಳಕಿನ ಕಾಟವಿದೆ. ಅವರು ಪಶ್ಚಿಮಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಬಯಲಿಗೆ ಆ ತಾಪತ್ರಯ ಕಡಿಮೆ. ಮಳೆಗಾಲ ಕಳೆದು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ.

ಶನಿಯ ಬಳೆ ಬೈನಾಕ್ಯುಲರಿನಲ್ಲಿ ಬಿಡಿಸಿ ಕಾಣುವುದಿಲ್ಲವಲ್ಲ, ಮಗು ಬೇಸರಪಟ್ಟರೆ ಎಂಬ ಆಕ್ಷೇಪ ಸರಿಯೇ. ಆದರೆ ಬಳೆ ನೋಡಲು ಮೊದಲು ಶನಿ ಎಲ್ಲಿದೆಯೆಂದು ತಿಳಿದಿರಬೇಕು. ರಾಶಿ ನಕ್ಷತ್ರಗಳ ಗುರುತು ಸಿಗದವರ ಕೈಯಲ್ಲಿ ಎಂಥ ಟೆಲಿಸ್ಕೋಪೂ ಕುರುಡೇ. ಮೊಬೈಲ್ ಆ್ಯಪ್ ಎಲ್ಲ ತೋರಿಸುತ್ತದಲ್ಲ ಎನ್ನುವವರೂ ಇದ್ದಾರೆ. ಅದು ಹೆಸರು ಹೇಳುತ್ತದೆ, ನಿಜ. ಆದರೆ ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಬೆಳಗುವ ಪರದೆಯನ್ನು ಒಮ್ಮೆ ನೋಡಿದರೆ ಅಷ್ಟೂ ವ್ಯರ್ಥ. ಮುದ್ರಿತ ನಕ್ಷತ್ರ ನಕ್ಷೆ, ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚು ಇದ್ದರೆ ಆಯಿತು. ಎಚ್ಚರ ಒಂದೇ: ಹಗಲಿನಲ್ಲಿ ಬೈನಾಕ್ಯುಲರ್ ದೊಡ್ಡವರ ಬಳಿಯೇ ಇರಲಿ. ಅದರ ಮೂಲಕ ಸೂರ್ಯನನ್ನು ಕ್ಷಣ ನೋಡಿದರೂ ಕಣ್ಣು ಹೋದೀತು.

ಟೆಲಿಸ್ಕೋಪು ಬೇಡವೇ ಬೇಡವೆಂದಲ್ಲ. ಮಗು ಹತ್ತಿಪ್ಪತ್ತು ನಕ್ಷತ್ರಗಳನ್ನು ತಾನೇ ಬೆರಳು ಮಾಡಿ ತೋರಿಸುವಂತಾದ ಮೇಲೆ, ನೆಲದ ಮೇಲೆ ಗಟ್ಟಿಯಾಗಿ ಕೂರುವ ಪೀಠದ 150 ಮಿ.ಮೀ. ಡಾಬ್ಸೋನಿಯನ್ ತರಬಹುದು. ಅಷ್ಟರಲ್ಲಿ ಆಸಕ್ತಿ ಕರಗಿದ್ದರೂ ನಷ್ಟವಿಲ್ಲ: ಬೈನಾಕ್ಯುಲರ್ ಕೆರೆಯ ಹಕ್ಕಿಗಳನ್ನು ನೋಡಲಿಕ್ಕಾದರೂ ಬೇಕಾಗುತ್ತದೆ; ಅಲುಗಾಡುವ ಟೆಲಿಸ್ಕೋಪು ಅಟ್ಟ ಸೇರುತ್ತದೆ.