ಸಿಂಕ್ ಬೇರೆ, ಬ್ಯಾಕಪ್ ಬೇರೆ

ಫೋನು, ಟ್ಯಾಬು, ಲ್ಯಾಪ್‌ಟಾಪು, ಮೂರರಲ್ಲೂ ಅದೇ ಫೋಟೋ ಕಾಣ್ತಿದೆ, ಅಲ್ವಾ? ಹಾಗಂತ ನಿಮ್ಮತ್ರ ಮೂರು ಕಾಪಿ ಇದೆ ಅಂದ್ಕೋಬೇಡಿ. ಅದು ಸಿಂಕ್, ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ್ರೆ ಎಲ್ಲಾ ಕಡೆ ಮಾಯ.

1998ರಲ್ಲಿ ಪಿಕ್ಸಾರ್‌ನವರ 'ಟಾಯ್ ಸ್ಟೋರಿ 2' ಚಿತ್ರದ ಫೈಲುಗಳು ಒಂದೇ ಒಂದು ತಪ್ಪು ಕಮಾಂಡಿಗೆ ಅಳಿಸಿಹೋದವು. ಬ್ಯಾಕಪ್ ಇತ್ತು, ಆದ್ರೆ ಅದೂ ಕೆಟ್ಟಿತ್ತು! ಕೊನೆಗೆ ಉಳಿಸಿದ್ದು, ಪುಟ್ಟ ಮಗು ಇದ್ದಿದ್ರಿಂದ ಮನೆಯಿಂದಲೇ ಕೆಲಸ ಮಾಡ್ತಿದ್ದ ಚಿತ್ರತಂಡದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರ್‌ನಲ್ಲಿದ್ದ ಕಾಪಿ. ಆ ಕಂಪ್ಯೂಟರನ್ನ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಲ್ಲಿಟ್ಟು ಜೋಪಾನವಾಗಿ ತಂದ್ರು.

ಅದಕ್ಕೇ ಹೇಳೋದು, ಒಂದು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಕೇಬಲ್ ಕಳಚಿ ಬೀರುವಿನಲ್ಲಿಡಿ. ತಿಂಗಳಿಗೊಮ್ಮೆ ತೆಗೆದು, ಫೈಲು ಓಪನ್ ಆಗುತ್ತಾ ನೋಡಿ. ನಾನು ಮೊದಲು ಹಾಕಿ ಕೇಳೋದು ಅಜ್ಜಿಯ ವಾಯ್ಸ್ ಮೆಸೇಜು: "ಊಟ ಆಯ್ತಾ ಮಗಾ?"