ದೇಶ ಸುತ್ತಿದವನ ಕೋಶ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇದನ್ನು ವಿಸ್ತರಿಸಿ ಬರೆಯಿರೆಂದು ತರಗತಿಯಲ್ಲಿ ಹೇಳಿದಾಗಲೆಲ್ಲ ನಮ್ಮ ಹುಡುಗರು ಒಂದೇ ಬಗೆಯಾಗಿ ಬರೆಯುತ್ತಾರೆ: ತಿರುಗಾಟದಿಂದ ಲೋಕಾನುಭವ, ಓದಿನಿಂದ ಜ್ಞಾನ, ಮನುಷ್ಯನಿಗೆ ಎರಡೂ ಬೇಕು. ತಪ್ಪೇನೂ ಇಲ್ಲ; ಅಂಕ ಕೊಡುತ್ತೇನೆ. ಆದರೆ ಓದುವುದಕ್ಕಾಗಿಯೇ ದೇಶ ಸುತ್ತಿದವನೊಬ್ಬನ ಹೆಸರನ್ನು ಅದೇ ಹುಡುಗರು ಚರಿತ್ರೆಯ ಪಾಠದಲ್ಲಿ ಬಾಯಿಪಾಠ ಮಾಡಿರುತ್ತಾರೆ. ಹರ್ಷವರ್ಧನನ ಕಾಲದಲ್ಲಿ ಬಂದ ಚೀನೀ ಯಾತ್ರಿಕ ಯಾರು? ಹ್ಯೂಯೆನ್ ತ್ಸಾಂಗ್. ಒಂದು ಅಂಕ ಬಂತು, ಪಾಠ ಮುಗಿಯಿತು. ಆತ ಏಕೆ ಬಂದ, ಏನನ್ನು ಹೊತ್ತುಕೊಂಡು ಹೋದ ಎಂದು ಕೇಳುವವರು ಕಡಮೆ.

ಆತ ಬಂದುದು ಒಂದು ಪುಸ್ತಕಕ್ಕಾಗಿ ಎಂದರೆ ಅತಿಶಯೋಕ್ತಿಯಾಗದು. ಚೀನದಲ್ಲಿ ಆಗ ಬೌದ್ಧ ಗ್ರಂಥಗಳ ಅನುವಾದಗಳು ಬೇಕಾದಷ್ಟಿದ್ದುವು. ಒಂದರಂತೆ ಇನ್ನೊಂದಿರಲಿಲ್ಲ, ಒಬ್ಬ ಗುರುವಿನ ಅರ್ಥವನ್ನು ಮತ್ತೊಬ್ಬ ಗುರು ಒಪ್ಪುತ್ತಿರಲಿಲ್ಲ. ಮೂವತ್ತು ತುಂಬದ ಈ ಭಿಕ್ಷುವಿಗೆ ಸಂಶಯ ಹತ್ತಿತು. ‘ಯೋಗಾಚಾರಭೂಮಿ’ ಎಂಬ ದೊಡ್ಡ ಶಾಸ್ತ್ರದ ಪೂರ್ಣಪಾಠವನ್ನು ಅದು ಹುಟ್ಟಿದ ನೆಲದಲ್ಲಿಯೇ ಓದಿ ತಿಳಿಯಬೇಕೆಂದು ನಿಶ್ಚಯಿಸಿದ. ಗಡಿ ದಾಟಬಾರದೆಂದು ಅರಸನ ಆಜ್ಞೆಯಿತ್ತು. ಸುಮಾರು 629ರಲ್ಲಿ ಆತ ಕದ್ದು ಹೊರಟ. ಹಗಲು ಅಡಗಿದ್ದು ಇರುಳು ನಡೆದ. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಬಿದ್ದು ಬರಿದಾಯಿತು. ಹಿಂದಿರುಗಿ ಸ್ವಲ್ಪ ದೂರ ನಡೆದವನು, ಭಾರತವನ್ನು ಮುಟ್ಟದೆ ಪೂರ್ವಕ್ಕೆ ಹೆಜ್ಜೆಯಿಡೆನೆಂದು ಮಾಡಿದ್ದ ಸಂಕಲ್ಪವನ್ನು ನೆನೆದು ಮತ್ತೆ ಪಶ್ಚಿಮಕ್ಕೆ ತಿರುಗಿದ. ತುರ್ಫಾನಿನ ಅರಸ ಇಲ್ಲಿಯೇ ಗುರುವಾಗಿ ನಿಲ್ಲೆಂದು ತಡೆದಾಗ, ಉಪವಾಸ ಕುಳಿತು ಬಿಡಿಸಿಕೊಂಡು ಬಂದ.

ಕಾಶ್ಮೀರದಲ್ಲಿ ಅರಸನು ಆತನಿಗೆ ಕೊಟ್ಟ ಕಾಣಿಕೆಯನ್ನು ನೋಡಿ: ಗ್ರಂಥಗಳನ್ನು ಪ್ರತಿಮಾಡಲು ಇಪ್ಪತ್ತು ಮಂದಿ ಲಿಪಿಕಾರರು! ಅಲ್ಲಿ ಎರಡು ವರ್ಷ ಓದು. ಆಮೇಲೆ ನಾಲಂದ. ಅಲ್ಲಿನ ಮುಖ್ಯಾಚಾರ್ಯ ಶೀಲಭದ್ರನು ಹಣ್ಣುಹಣ್ಣು ಮುದುಕ. ದೂರದಿಂದ ಬಂದ ಶಿಷ್ಯನಿಗಾಗಿ ಆ ವಯಸ್ಸಿನಲ್ಲಿ ಯೋಗಾಚಾರಭೂಮಿಯನ್ನು ಪಾಠ ಹೇಳಿದ. ಒಮ್ಮೆ ಮುಗಿಸಲು ಹದಿನೈದು ತಿಂಗಳು ಹಿಡಿಯಿತಂತೆ. ಶಿಷ್ಯನು ಅದನ್ನು ಮೂರು ಬಾರಿ ಕೇಳಿದ. ಒಂದು ಪುಸ್ತಕವನ್ನು ಮೂರು ದಿನದಲ್ಲಿ ಓದಿ ಮುಗಿಸಿದೆನೆಂದು ಹೆಮ್ಮೆಪಡುವ ನಾವು ಇದನ್ನು ಕೊಂಚ ಯೋಚಿಸಬೇಕು.

ಆತ ನಮ್ಮ ಕಡೆಗೂ ಬಂದಿದ್ದ. ಕಂಚಿಯಿಂದ ವಾಯವ್ಯಕ್ಕೆ ಹೊರಟು ಕೊಂಕಣಪುರವೆಂಬ ಊರನ್ನು ಕಂಡುದಾಗಿ ಬರೆದಿದ್ದಾನೆ. ಅದು ಆನೆಗೊಂದಿಯೆಂದು ಕೆಲವರು, ಬನವಾಸಿಯೆಂದು ಕೆಲವರು ವಾದಿಸಿದ್ದಾರೆ. ಅಲ್ಲಿಂದ ಮುಂದೆ ಪುಲಕೇಶಿಯ ರಾಜ್ಯವನ್ನು ಕಂಡು, ಅಲ್ಲಿನ ಜನರ ಶೌರ್ಯವನ್ನೂ ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದುದನ್ನೂ ವರ್ಣಿಸಿದ. ಪಠ್ಯಪುಸ್ತಕಗಳು ಈ ಆನೆಗಳನ್ನು ಮರೆಯುವುದಿಲ್ಲ. ನನಗೆ ಹೆಚ್ಚು ಪ್ರಿಯವಾದುದು ಕೊಂಕಣಪುರದ ಬಗ್ಗೆ ಆತ ಹೇಳುವ ಇನ್ನೊಂದು ಮಾತು. ಆ ಊರಿನ ಉತ್ತರಕ್ಕೆ ಒಂದು ತಾಳೆಯ ವನವಿತ್ತಂತೆ. ಅದರ ಗರಿಗಳು ಉದ್ದವಾಗಿ, ಅಗಲವಾಗಿ, ಹೊಳಪಾಗಿ ಇದ್ದುವಂತೆ. ಭಾರತದ ಎಲ್ಲ ದೇಶಗಳಲ್ಲಿಯೂ ಬರೆಯಲು ಅವನ್ನೇ ಬಳಸುತ್ತಿದ್ದರಂತೆ. ಬೇರೆ ಯಾತ್ರಿಕರಾದರೆ ಕಾಡಿನಲ್ಲಿ ನೆರಳನ್ನು ಕಾಣುತ್ತಿದ್ದರು. ಈತ ಪುಸ್ತಕವನ್ನು ಕಂಡ.

ಈ ಮಾತನ್ನು ಓದಿದಾಗಲೆಲ್ಲ ನಮ್ಮ ಮನೆಯ ಅಟ್ಟ ನೆನಪಾಗುತ್ತದೆ. ನನ್ನ ಬಾಲ್ಯದಲ್ಲಿ ಅಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಗರಿಯ ಕಟ್ಟೊಂದಿತ್ತು. ನವರಾತ್ರಿಯಲ್ಲಿ ಅದನ್ನು ಇಳಿಸಿ, ಅರಿಸಿನ ಕುಂಕುಮವಿಟ್ಟು, ಮತ್ತೆ ಅಟ್ಟಕ್ಕೇರಿಸುತ್ತಿದ್ದರು. ಬಿಚ್ಚಿದವರಿಲ್ಲ. ನಾನು ಪಂಡಿತ ಪರೀಕ್ಷೆ ಮುಗಿಸಿ ಬಂದ ವರ್ಷ, ಈಗಲಾದರೂ ಓದೋಣವೆಂದು ದಾರ ಬಿಚ್ಚಿದೆ. ವಸ್ತ್ರದೊಳಗಿದ್ದುದು ಹುಳು ತಿಂದ ಹುಡಿ. ನಾಲ್ಕೈದು ಗರಿಗಳ ತುಂಡುಗಳು ಉಳಿದಿದ್ದುವು. ಯಾವ ಗ್ರಂಥವೆಂದು ತಿಳಿಯುವಷ್ಟು ಅಕ್ಷರವೂ ಅವುಗಳಲ್ಲಿರಲಿಲ್ಲ.

ಹ್ಯೂಯೆನ್ ತ್ಸಾಂಗನಿಗೆ ಗರಿಗಳ ಈ ಸ್ವಭಾವ ಗೊತ್ತಿದ್ದಿರಬೇಕು. ಹಿಂದಿರುಗುವಾಗ ಸಿಂಧೂನದಿಯನ್ನು ತಾನು ಆನೆಯ ಮೇಲೆ ದಾಟಿದ. ಗ್ರಂಥಗಳು ದೋಣಿಯಲ್ಲಿ ಬಂದುವು. ನಡುಹೊಳೆಯಲ್ಲಿ ಗಾಳಿಯೆದ್ದು ಅಲೆಗಳು ದೋಣಿಯನ್ನು ಅಲ್ಲಾಡಿಸಿ, ಐವತ್ತು ಗ್ರಂಥಗಳು ನೀರುಪಾಲಾದುವು. ಆತ ಐವತ್ತಕ್ಕೂ ಹೆಚ್ಚು ದಿನ ಆ ಪ್ರಾಂತದಲ್ಲಿಯೇ ನಿಂತು, ಉದ್ಯಾನ ದೇಶಕ್ಕೆ ಜನರನ್ನು ಕಳುಹಿಸಿ, ಸಿಕ್ಕಿದಷ್ಟನ್ನು ಮತ್ತೆ ಬರೆಯಿಸಿಕೊಂಡ. 645ರಲ್ಲಿ ಚಾಂಗಾನ್ ನಗರವನ್ನು, ಎಂದರೆ ಈಗಿನ ಷೀಆನನ್ನು, ಸೇರಿದಾಗ ಆತನ ಬಳಿ 520 ಕಟ್ಟುಗಳಲ್ಲಿ 657 ಗ್ರಂಥಗಳಿದ್ದುವು. ಅವನ್ನು ಹೊರಲು 20 ಕುದುರೆಗಳು ಬೇಕಾದುವು.

ಮಂತ್ರಿಯಾಗೆಂದು ಚಕ್ರವರ್ತಿ ಕರೆದ. ಆತ ಒಲ್ಲೆನೆಂದು ಅನುವಾದಕ್ಕೆ ಕುಳಿತ. 652ರಲ್ಲಿ ಗ್ರಂಥಗಳನ್ನಿಡಲು ಗೋಪುರವೊಂದನ್ನು ಕಟ್ಟಿಸುವಾಗ ತಾನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತ. ಮುಂದೆ ಮತ್ತೆ ಕಟ್ಟಿ ಎತ್ತರಿಸಿದ ಆ ಗೋಪುರವನ್ನು ಷೀಆನಿಗೆ ಹೋದವರು ಇಂದಿಗೂ ನೋಡಬಹುದು. ಹತ್ತೊಂಬತ್ತು ವರ್ಷಗಳಲ್ಲಿ 75 ಗ್ರಂಥಗಳನ್ನು ಚೀನೀ ಭಾಷೆಗೆ ತಂದು 664ರಲ್ಲಿ ತೀರಿಕೊಂಡ. ಸಿಂಧೂವಿನಲ್ಲಿ ಮುಳುಗಿದ ಗ್ರಂಥಗಳನ್ನು ಮಾತ್ರ ಆತ ಮರೆತಿರಲಿಲ್ಲ. ಒಂಬತ್ತು ವರ್ಷ ಕಳೆದು, 654ರಲ್ಲಿ, ಶೀಲಭದ್ರನ ಶಿಷ್ಯನಾದ ಜ್ಞಾನಪ್ರಭನಿಗೆ ಕಾಗದ ಬರೆದ. ಅದರಲ್ಲಿ ಗುರು ತೀರಿಕೊಂಡ ಸುದ್ದಿಗೆ ದುಃಖವಿದೆ. ಕೊನೆಯಲ್ಲಿ, ಹೊಳೆಯಲ್ಲಿ ಕಳೆದ ಗ್ರಂಥಗಳ ಪಟ್ಟಿ ಕಳುಹಿಸಿದ್ದೇನೆ, ಬರುವವರು ಸಿಕ್ಕಿದರೆ ಕೊಟ್ಟುಕಳುಹಿಸಿ ಎಂಬ ಬೇಡಿಕೆಯಿದೆ.

ಇಷ್ಟೆಲ್ಲ ಶ್ರಮದಿಂದ ಆದುದೇನು? ಸುಮಾರು 1200ರ ಹೊತ್ತಿಗೆ ನಾಲಂದ ನಾಶವಾಯಿತು, ಗ್ರಂಥಗಳು ಹೋದುವು. ಕಾಶ್ಮೀರದ ಪಂಡಿತರ ಬೃಹದ್ಗ್ರಂಥವಾದ ‘ಮಹಾವಿಭಾಷಾ’ ಸಂಸ್ಕೃತದಲ್ಲಿ ಉಳಿಯಲಿಲ್ಲ. ಇಂದು ಅದನ್ನು ಓದಬೇಕಾದರೆ ಹ್ಯೂಯೆನ್ ತ್ಸಾಂಗನ ಚೀನೀ ಅನುವಾದವೇ ಗತಿ. ಯೋಗಾಚಾರಭೂಮಿಯ ಸಂಸ್ಕೃತ ಹಸ್ತಪ್ರತಿ 1938ರಲ್ಲಿ ರಾಹುಲ ಸಾಂಕೃತ್ಯಾಯನರ ಕಣ್ಣಿಗೆ ಬಿದ್ದುದು ನಾಲಂದದಲ್ಲಿ ಅಲ್ಲ, ಟಿಬೆಟ್ಟಿನ ಮಠವೊಂದರಲ್ಲಿ. ನಾಲಂದದ ನೆಲೆಯನ್ನು ಕೂಡ 1860ರ ಸುಮಾರಿನಲ್ಲಿ ಕನ್ನಿಂಗ್‌ಹ್ಯಾಮ್ ಗುರುತಿಸಿದ್ದು ಈ ಯಾತ್ರಿಕನ ಬರಹವನ್ನು ಕೈಯಲ್ಲಿ ಹಿಡಿದೇ. ಮನೆಯಲ್ಲಿ ಕುಳಿತ ಪುಸ್ತಕ ಹೋಯಿತು. ದೇಶ ಸುತ್ತಿದ ಪುಸ್ತಕ ಉಳಿಯಿತು.

ಆದುದರಿಂದ ಗಾದೆಗೆ ನಾನು ಈಚೆಗೆ ಹುಡುಗರಿಗೆ ಹೇಳುವ ಅರ್ಥ ಬೇರೆ. ದೇಶ ಸುತ್ತಬೇಕಾದವನು ಮನುಷ್ಯನಷ್ಟೇ ಅಲ್ಲ, ಕೋಶವೂ ಸುತ್ತಬೇಕು. ಕೈಯಿಂದ ಕೈಗೆ, ಒಂದು ನುಡಿಯಿಂದ ಇನ್ನೊಂದು ನುಡಿಗೆ ಹೋಗುತ್ತಿರಬೇಕು. ಕೊಟ್ಟ ಪುಸ್ತಕ ಹಿಂದಿರುಗದೆಂದು ಬೀಗ ಹಾಕಿಡುವವರನ್ನು ನಾನು ಬಲ್ಲೆ. ನಾನೂ ಅಂಥವನೇ ಆಗಿದ್ದೆ. ಹಿಂದಿರುಗದ ಪುಸ್ತಕವನ್ನು ಎಲ್ಲಿಯೋ ಒಬ್ಬರು ಓದುತ್ತಿರಬಹುದು. ಅಟ್ಟದ ಪುಸ್ತಕವನ್ನು ಓದುವುದು ಹುಳು ಮಾತ್ರ.

ಸರಸ್ವತೀ ಪೂಜೆಯಲ್ಲಿ ಪುಸ್ತಕವನ್ನು ಪೂಜೆಗಿಟ್ಟ ಮೇಲೆ ಓದಬಾರದೆಂಬ ನಿಯಮವುಂಟು. ವಿಜಯದಶಮಿಯಂದು ಅದನ್ನು ತೆಗೆದು ನಾಲ್ಕು ಸಾಲನ್ನಾದರೂ ಓದಬೇಕೆಂಬುದೂ ಅದೇ ನಿಯಮದ ಉಳಿದರ್ಧ. ನಮ್ಮ ಹಿರಿಯರು ಆ ಅರ್ಧವನ್ನು ಮರೆತರು. ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಕಟ್ಟು ಇದ್ದರೆ, ಹಬ್ಬ ಬರುವ ತನಕ ಕಾಯಬೇಡಿ.