ಸಾಲಕ್ಕೊಂದು ವಿಮೆ: ಕಂತಿಗೆ ತಕ್ಕ ಫಲ ಉಂಟೇ?

ಯಲಹಂಕ, ರಾಜಾನುಕುಂಟೆ, ಹೆಸರಘಟ್ಟದ ಕಡೆ ಗುಲಾಬಿಯ ಪಾಲಿಹೌಸಿಗೋ, ದ್ರಾಕ್ಷಿ ಚಪ್ಪರಕ್ಕೋ, ಕೊಳವೆಬಾವಿಗೋ ಜಮೀನು ಅಡವಿಟ್ಟು ಸಾಲ ತರುವವರು ನಾವು. ಸಾಲದ ಕಾಗದಗಳ ಕಟ್ಟಿನಲ್ಲಿ ಒಮ್ಮೊಮ್ಮೆ ಇನ್ನೊಂದು ಹಾಳೆ ಇರುತ್ತದೆ. ಅದೇ ಸಾಲ ರಕ್ಷಣೆಯ ವಿಮೆ. ‘ನಿಮಗೇನಾದ್ರೂ ಆದ್ರೆ ಮನೆಯವರಿಗೆ ಹೊರೆ ಬರಲ್ಲ, ಇಲ್ಲೊಂದು ಸೈನ್ ಹಾಕಿ’ ಅಂತಾರೆ. ಹಾಕುವ ಮೊದಲು ಸ್ವಲ್ಪ ಲೆಕ್ಕ ನೋಡುವುದು ಒಳ್ಳೆಯದು.

ಏನು ಸಿಗುತ್ತದೆ?

ಸಾಲಗಾರ ತೀರಿಕೊಂಡರೆ ಬಾಕಿ ಸಾಲವನ್ನು ವಿಮಾ ಕಂಪೆನಿ ಬ್ಯಾಂಕಿಗೆ ಕಟ್ಟುತ್ತದೆ. ಸಾಮಾನ್ಯವಾಗಿ ಸಾಲ ಇಳಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ಬೆಳೆ ಹೋದರೆ, ಯಶವಂತಪುರ ಮಾರುಕಟ್ಟೆಯಲ್ಲಿ ಈರುಳ್ಳಿ ದರ ಬಿದ್ದರೆ, ಹಸು ಸತ್ತರೆ ಇದರಿಂದ ಬಿಡಿಗಾಸೂ ಬರುವುದಿಲ್ಲ. ನಮ್ಮ ಕಂತು ತಪ್ಪುವುದು ಹೆಚ್ಚಾಗಿ ಇಂಥ ಕಾರಣಗಳಿಂದಲೇ ಅಲ್ಲವೇ?

ಬ್ರಿಟನ್ನಿನಲ್ಲಿ ಇಂಥದೇ ವಿಮೆಯನ್ನು ಪರಿಹಾರ ಕೇಳಲು ಅರ್ಹರೇ ಅಲ್ಲದವರಿಗೂ ಮಾರಿದ್ದರು. ಕೆಲಸ ಹೋದರೆ ಕಂತು ಕಟ್ಟುವ ವಿಮೆಯನ್ನು ಸ್ವಂತ ಉದ್ಯೋಗದವರಿಗೂ ಕೊಟ್ಟಿದ್ದರು. ಕೊನೆಗೆ ಬ್ಯಾಂಕುಗಳು 3,800 ಕೋಟಿ ಪೌಂಡಿಗೂ ಹೆಚ್ಚು ಹಣ ವಾಪಸು ಕೊಡಬೇಕಾಯಿತು. ಆದ್ದರಿಂದ ಯಾವುದಕ್ಕೆ ಪರಿಹಾರ ಇಲ್ಲ ಎಂಬುದನ್ನೇ ಮೊದಲು ಓದಿ.

ಕಂತಿನ ಮೇಲೂ ಬಡ್ಡಿ

ಒಂದು ಉದಾಹರಣೆ. 10 ಲಕ್ಷ ಸಾಲಕ್ಕೆ ವಿಮೆಯ ಒಂದೇ ಕಂತು 30,000 ರೂ. ಎಂದಿಟ್ಟುಕೊಳ್ಳಿ. ಕೈಯಿಂದ ಕೊಡುವುದು ಬೇಡವೆಂದು ಅದನ್ನು ಸಾಲಕ್ಕೇ ಸೇರಿಸುತ್ತಾರೆ. ಶೇ. 10 ಬಡ್ಡಿಯಲ್ಲಿ 10 ವರ್ಷ ತಿಂಗಳ ಕಂತು ಕಟ್ಟಿದರೆ ಆ 30,000 ಸುಮಾರು 47,500 ಆಗುತ್ತದೆ. ಕಂತು ಎಷ್ಟು ಎಂದು ಕೇಳಿದರೆ ಸಾಲದು, ಅದು ಸಾಲಕ್ಕೆ ಸೇರುತ್ತದೆಯೇ ಎಂದೂ ಕೇಳಬೇಕು.

ಕಡ್ಡಾಯವೇ?

ಇಂಥದೇ ಕಂಪೆನಿಯ ವಿಮೆ ಮಾಡಿಸಿ ಎಂದು ಬ್ಯಾಂಕು ಒತ್ತಾಯಿಸುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ‘ವಿಮೆ ಇಲ್ಲದೆ ಸಾಲ ಇಲ್ಲ’ ಅಂದರೆ, ‘ಬರೆದು ಕೊಡಿ ಸ್ವಾಮಿ’ ಅನ್ನಿ. ಜೀವವಿಮೆ ಮಾಡಿಸಿದ ಮೇಲೂ ಬೇಡವೆನಿಸಿದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ಹಿಂದಿರುಗಿಸಲು 2024ರ ನಿಯಮದಲ್ಲಿ ಅವಕಾಶವಿದೆ.

ಹಾಗಾದರೆ ಯಾರಿಗೆ ಬೇಕು?

ಅಪ್ಪನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಆದರೆ ನಮ್ಮಲ್ಲಿ ಆ ಆಸ್ತಿ ಎಂದರೆ ಜಮೀನೇ! ಜತೆಗೆ ಸಹಿ ಹಾಕಿದ ಹೆಂಡತಿ, ಮಗ, ಜಾಮೀನುದಾರರು ಪೂರ್ತಿ ಸಾಲಕ್ಕೆ ಹೊಣೆ. ದುಡಿಯುವ ಕೈ ಒಂದೇ ಇದ್ದು ಮಕ್ಕಳು ಚಿಕ್ಕವರಿದ್ದರೆ, ಅವಸರದಲ್ಲಿ ಸಿಕ್ಕಿದ ಬೆಲೆಗೆ ಜಮೀನು ಮಾರುವ ಗತಿ ಬರಬಾರದು. ಅಂಥ ಮನೆಗೆ ಜೀವವಿಮೆ ಬೇಕೇ ಬೇಕು. ಅದು ಬ್ಯಾಂಕು ತೋರಿಸಿದ್ದೇ ಆಗಬೇಕೆಂದಿಲ್ಲ.

ಸಾಲ ಎರಡು ಲಕ್ಷದೊಳಗಿದ್ದರೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ನೋಡಿ. ವರ್ಷಕ್ಕೆ 436 ರೂ., ಯಾವ ಕಾರಣದ ಸಾವಿಗೂ 2 ಲಕ್ಷ. ಸೇರಿದ ಮೊದಲ 30 ದಿನ ಮಾತ್ರ ಅಪಘಾತದ ಸಾವಿಗಷ್ಟೇ ಪರಿಹಾರ. 18ರಿಂದ 50 ವಯಸ್ಸಿನವರು ಸೇರಬಹುದು, 55ರವರೆಗೆ ನಡೆಯುತ್ತದೆ. ಇನ್ನೂ 20 ರೂ. ಕೊಟ್ಟರೆ ಸುರಕ್ಷಾ ಅಪಘಾತ ವಿಮೆ. ಎರಡೂ ಸೇರಿ 456 ರೂ. ಮೇ ಕೊನೆಗೆ ಖಾತೆಯಲ್ಲಿ ಅಷ್ಟು ಹಣ ಇರಲಿ, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ.

ಸಾಲ ದೊಡ್ಡದಿದ್ದರೆ ಸ್ವಂತ ಹೆಸರಿನ ಟರ್ಮ್ ವಿಮೆಯ ದರವನ್ನೂ ಕೇಳಿ ಹೋಲಿಸಿ. ಸಾಲ ಇಳಿದರೂ ಅದರ ಮೊತ್ತ ಇಳಿಯುವುದಿಲ್ಲ, ಹಣ ಮನೆಯವರ ಕೈಗೇ ಬರುತ್ತದೆ, ಸಾಲ ತೀರಿದ ಮೇಲೂ ಮುಂದುವರಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಇಂಥ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ವಯಸ್ಸಾಗಿ, ಸಕ್ಕರೆ ಕಾಯಿಲೆ, ಬಿಪಿ ಇದ್ದು ಟರ್ಮ್ ವಿಮೆ ಸಿಗದವರಿಗೆ ಬ್ಯಾಂಕಿನ ಸಾಲ ವಿಮೆಯೇ ದಾರಿಯಾದೀತು. ಆಗಲೂ ಕಾಯಿಲೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಪರಿಹಾರ ಕೇಳುವಾಗ ತಕರಾರು ಬರುತ್ತದೆ.

ಯಾವುದನ್ನೇ ಮಾಡಿಸಿ, ಪಾಲಿಸಿಯ ಪ್ರತಿಯನ್ನು ಪಹಣಿಯ ಜತೆಗಿಟ್ಟು ಮನೆಯವರಿಗೆ ತೋರಿಸಿ. ವಿಮೆ ಇದೆಯೆಂದು ಗೊತ್ತಿದ್ದರೆ ತಾನೆ ಅವರು ಕೇಳುವುದು?